ಕುಡಿತದ ಕಾಯಿಲೆ ಮತ್ತು ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು

ಯುವಕೂಟದ ತಿಂಗಳ ಅಧ್ಯಯನ
ಓದಿಕೊಂಡು ಬರಬೇಕಾದ ಭಾಗ: ಲೂಕ 10:25–37



ಕಳೆದ ವರ್ಷ ವಿಭೂತಿ ಬುಧವಾರದ ಸಂಜೆ ಪೂಜೆಯಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬರು ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಪೀಠದ ಮುಂದೆ ನಿಂತು, ಪಾಸ್ಕ ಹಬ್ಬದ ತನಕ ಒಂದು ತೊಟ್ಟೂ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತರು. ಇಪ್ಪತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದವರು. ಮನೆಯವರ ಕಣ್ಣಲ್ಲಿ ನೀರು. ಯುವಕೂಟದವರಾದ ನಾವು ಪೂಜೆ ಮುಗಿದ ಮೇಲೆ ಕೈಕುಲುಕಿ ಬಂದೆವು.

ಗುರುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿಯಲಾಗದಷ್ಟು ಕೈ ನಡುಗಿತು. ಶುಕ್ರವಾರ ಶಿಲುಬೆಯ ಹಾದಿಗೆ ಅವರು ಬರಲಿಲ್ಲ. ಆ ರಾತ್ರಿ ಗೋಡೆಯ ಮೇಲೆಲ್ಲ ಹುಳು ಹರಿಯುತ್ತಿವೆ ಎಂದು ಕೂಗಿದರು, ಹೆಂಡತಿಯ ಗುರುತು ಹಿಡಿಯಲಿಲ್ಲ, ಬಾಗಿಲು ತೆಗೆದು ಕಾಡಿನ ಕಡೆ ಓಡಲು ನೋಡಿದರು. ಗಾಳಿ ಸೋಕಿದೆ ಎಂದರು ಒಬ್ಬರು. ಕುಡಿಯದೆ ನಾಟಕ ಆಡುತ್ತಿದ್ದಾನೆ ಎಂದರು ಇನ್ನೊಬ್ಬರು. ಯಾರೋ ಪವಿತ್ರ ಜಲ ಚಿಮುಕಿಸಿದರು, ನಾವು ಜಪಸರ ಹೇಳಿದೆವು. ಪಕ್ಕದ ಮನೆಯಲ್ಲಿ ರಜೆಗೆ ಬಂದಿದ್ದ ಎರಡನೇ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯನ್ನು ಕರೆದೆವು. ಅವಳು ನಾಡಿ ಹಿಡಿದು, ಮೈ ಮುಟ್ಟಿ, ಜ್ವರ ಇರಬೇಕು ಎಂದಳು. ಬೆಳಗಿನ ಜಾವಕ್ಕೆ ಫಿಟ್ಸ್ ಬಂತು. ಆಮೇಲೆಯೇ ಜೀಪು ಸಿಕ್ಕಿ ಚಾಮರಾಜನಗರಕ್ಕೆ ಹೊರಟಿದ್ದು. ದೇವರ ದಯೆ, ಬದುಕಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಮುಂದಿನ ಭಾನುವಾರ ಆ ವಿದ್ಯಾರ್ಥಿನಿ ನಮ್ಮ ಬಳಿ ಬಂದು ಒಂದು ಮಾತು ಹೇಳಿದಳು: "ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಎದುರಿಗೆ ಬಂದಾಗ ಅದೇ ಇದು ಅಂತ ಗೊತ್ತಾಗಲಿಲ್ಲ." ಈ ತಿಂಗಳ ಅಧ್ಯಯನ ಹುಟ್ಟಿದ್ದು ಆ ಮಾತಿನಿಂದ. ನಮ್ಮ ಧರ್ಮಕೇಂದ್ರದಿಂದ ಈಗ ಏಳು ಮಂದಿ ನರ್ಸಿಂಗ್, ಲ್ಯಾಬ್, ಫಾರ್ಮಸಿ ಓದುತ್ತಿದ್ದಾರೆ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂನ 27 ತಿರುವುಗಳಿವೆ. ರಾತ್ರಿ ಆ ದಾರಿಯಲ್ಲಿ ವಾಹನಗಳಿಗೆ ನಿರ್ಬಂಧವಿದೆ. ಇಂಥ ಊರಿನಲ್ಲಿ ರಾತ್ರಿ ಹತ್ತು ಗಂಟೆಗೆ ವೈದ್ಯರೆಂದರೆ ರಜೆಗೆ ಬಂದ ಈ ಮಕ್ಕಳೇ. ಹಾಗಾಗಿ ಪಾಠ ಮುಖ್ಯವಾಗಿ ಅವರಿಗೆ. ಉಳಿದವರೂ ಕೂರಿ. ಅಂದು ರಾತ್ರಿ ತಪ್ಪು ಮಾಡಿದವರು ನಾವೆಲ್ಲರೂ.

ಮೊದಲು, ಅಂದು ನಡೆದದ್ದೇನು? ಬಿಎಸ್ಸಿಯಲ್ಲಿ ಓದಿದ್ದನ್ನು ಘಾಟಿಯ ಭಾಷೆಯಲ್ಲಿ ಹೇಳುತ್ತೇವೆ. ನಮ್ಮ ಮೆದುಳಿಗೆ ಒಂದು ಬ್ರೇಕು, ಒಂದು ಆಕ್ಸಿಲರೇಟರು ಇವೆ. ಗಾಬಾ ಎಂಬ ರಾಸಾಯನಿಕ ಬ್ರೇಕು, ಗ್ಲುಟಮೇಟ್ ಎಂಬುದು ಆಕ್ಸಿಲರೇಟರು. ಮದ್ಯ ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ತಗ್ಗಿಸುತ್ತದೆ. ಅದಕ್ಕೇ ಕುಡಿದಾಗ ಹಗುರ ಅನ್ನಿಸುವುದು, ನಿದ್ದೆ ಬರುವುದು. ವರ್ಷಗಟ್ಟಲೆ ದಿನಾ ಕುಡಿದರೆ ಮೆದುಳು ಸುಮ್ಮನಿರುವುದಿಲ್ಲ. ಯಾವಾಗಲೂ ಬ್ರೇಕು ಒತ್ತಿರುವ ಗಾಡಿಯನ್ನು ಓಡಿಸಬೇಕಾದರೆ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯಲೇಬೇಕಲ್ಲ, ಹಾಗೆ ಅದು ತನ್ನನ್ನು ಹೊಂದಿಸಿಕೊಳ್ಳುತ್ತದೆ. ಈಗ ಮದ್ಯವನ್ನು ಒಂದೇ ಏಟಿಗೆ ನಿಲ್ಲಿಸಿ. ಬ್ರೇಕು ಹೋಯಿತು, ಕಾಲು ಮಾತ್ರ ಆಕ್ಸಿಲರೇಟರಿನ ಮೇಲೇ ಇದೆ. ದಿಂಬಂ ಇಳಿಜಾರಿನಲ್ಲಿ ಆ ಲಾರಿಗೆ ಏನಾಗುತ್ತದೋ ಅದೇ ಆ ಮನುಷ್ಯನಿಗೆ ಆಗುವುದು.

ಇದಕ್ಕೊಂದು ಗಡಿಯಾರವಿದೆ, ವಿದ್ಯಾರ್ಥಿಗಳು ಬಾಯಿಪಾಠ ಮಾಡಿಕೊಳ್ಳಿ. ಕೊನೆಯ ಸಲ ಕುಡಿದ 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆ ಬಾರದಿರುವುದು. ಫಿಟ್ಸ್ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ, ಕೆಲವೊಮ್ಮೆ ಆಮೇಲೂ. ಎರಡರಿಂದ ನಾಲ್ಕನೆಯ ದಿನದೊಳಗೆ, ಕೆಲವರಿಗೆ, ಇಲ್ಲದ್ದು ಕಾಣುವುದು, ದಿಕ್ಕು ತಪ್ಪುವುದು, ಜ್ವರ, ನಾಡಿ ಓಡುವುದು. ಈ ಕೊನೆಯದಕ್ಕೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಆ ರಾತ್ರಿ ಒಬ್ಬರಾದರೂ "ಕೊನೆಗೆ ಕುಡಿದದ್ದು ಯಾವಾಗ?" ಎಂದು ಕೇಳಿದ್ದರೆ ಗಾಳಿಯ ಮಾತೇ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆ ಔಷಧಿ ಇದೆ. ಹೋಗಿಬಿಟ್ಟ ಬ್ರೇಕಿನ ಕೆಲಸವನ್ನು ಕೆಲವು ದಿನ ಮಾಡುವ ಮಾತ್ರೆಗಳನ್ನು ವೈದ್ಯರು ಕೊಟ್ಟು, ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ಜೀವಸತ್ವ. ಇಲ್ಲೊಂದು ಎಚ್ಚರಿಕೆ. ನಮ್ಮ ಕಡೆ ಸುಸ್ತಾದವರಿಗೆಲ್ಲ "ಒಂದು ಗ್ಲೂಕೋಸ್ ಹಾಕಿಸಿಬಿಡಿ" ಎನ್ನುವ ರೂಢಿ. ವರ್ಷಗಟ್ಟಲೆ ಕುಡಿದು ಸರಿಯಾಗಿ ಊಟ ಮಾಡದವರ ಮೈಯಲ್ಲಿ ಥಯಮಿನ್ ಬತ್ತಿರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೆ ಹಾನಿಯಾಗಬಹುದು. ಡ್ರಿಪ್ ಹಾಕುವುದು ನರ್ಸ್. "ಇವರು ದಿನಾ ಕುಡಿಯುವವರು, ಥಯಮಿನ್ ಆಯಿತಾ ಡಾಕ್ಟರ್?" ಎಂದು ಒಂದು ಮಾತು ಕೇಳುವವರೂ ಅವರೇ ಆಗಬೇಕು.

ಹಾಗಾದರೆ ಹರಕೆ ಹೊರಬಾರದೇ? ಹೊರಬಹುದು. ಎಲ್ಲೋ ಹಬ್ಬಕ್ಕೆ ಕುಡಿಯುವವರು ಇವತ್ತೇ ಬಿಡಲಿ, ಏನೂ ಆಗುವುದಿಲ್ಲ. ಆದರೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು, ಏನೇನೋ ಕಂಡವರು, ಇವರ ಹರಕೆಯ ಮೊದಲ ಮೆಟ್ಟಿಲು ಆಸ್ಪತ್ರೆ. ವೈದ್ಯರನ್ನು ಕಾಣುವ ತನಕ ಅಂಥವರಿಗೆ "ಇವತ್ತೇ ಬಿಟ್ಟುಬಿಡು" ಎನ್ನಬಾರದು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಒಂದೇ ದಿನಕ್ಕೆ ಮುಚ್ಚಿದಾಗ ಹೀಗೆಯೇ ಆಯಿತು. ನಮ್ಮ ನೆರೆಯ ಕೇರಳದಲ್ಲಿ ಪರಿಸ್ಥಿತಿ ಎಲ್ಲಿಗೆ ಮುಟ್ಟಿತೆಂದರೆ, ವೈದ್ಯರ ಚೀಟಿ ಇದ್ದವರಿಗೆ ಮದ್ಯ ಕೊಡಲು ಸರ್ಕಾರವೇ ಆದೇಶ ಹೊರಡಿಸಿತು. ವೈದ್ಯರು ವಿರೋಧಿಸಿದರು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಮದ್ಯವೇ ಮದ್ದಾಗಬಾರದು ಎಂಬುದು ನಿಜ. ಆದರೆ ಒಮ್ಮೆಲೇ ನಿಂತರೆ ಏನಾಗುತ್ತದೆ ಎಂಬುದು ಆಗ ಎಲ್ಲರಿಗೂ ಕಾಣಿಸಿತು.

ಇನ್ನೊಂದು, ಬಸ್ ಸ್ಟ್ಯಾಂಡಿನ ಗೋಡೆಗಳಲ್ಲಿ "ಗೊತ್ತಿಲ್ಲದಂತೆ ಕುಡಿತ ಬಿಡಿಸಿ" ಎಂದು ಬರೆದಿರುತ್ತದಲ್ಲ, ಆ ಪುಡಿಗಳ ವಿಷಯ. ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ಅದನ್ನು ತಿಂದು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದುಹೋಗುತ್ತದೆ. ವೈದ್ಯರು ಕೊಟ್ಟು, ರೋಗಿ ತಿಳಿದು ತೆಗೆದುಕೊಂಡರೆ ಅದು ಚಿಕಿತ್ಸೆ. ಸಾರಿನಲ್ಲಿ ಕದ್ದು ಬೆರೆಸಿದರೆ ಅಪಾಯ. ಮನೆಯವರನ್ನು ಬೈಯದೆ, "ಊಟದಲ್ಲಿ ಏನಾದರೂ ಹಾಕ್ತಾ ಇದ್ದೀರಾ ಅತ್ತೆ?" ಎಂದು ಕೇಳಲು ವಿದ್ಯಾರ್ಥಿ ಕಲಿತಿರಬೇಕು.

ಕೇಳುವುದೇ ಈ ಶುಶ್ರೂಷೆಯ ಅರ್ಧ. "ನೀವು ಕುಡಿತೀರಾ?" ಎಂದರೆ "ಇಲ್ಲವ್ವ, ಎಲ್ಲೋ ಹಬ್ಬಕ್ಕೆ" ಎಂಬ ಉತ್ತರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆಂದೇ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ, ಆಡಿಟ್ ಎಂದು ಹೆಸರು. ಎಷ್ಟು ದಿನಕ್ಕೊಮ್ಮೆ, ಒಂದು ದಿನಕ್ಕೆ ಎಷ್ಟು, ಶುರು ಮಾಡಿದರೆ ನಿಲ್ಲಿಸಲು ಆಗುತ್ತದೆಯೇ, ಬೆಳಿಗ್ಗೆ ಬೇಕೇ, ಹೀಗೆ. ಒಟ್ಟು 40 ಅಂಕ. 8 ಅಥವಾ ಹೆಚ್ಚು ಬಂದರೆ ಕುಡಿತ ಹಾನಿಯ ದಾರಿ ಹಿಡಿದಿದೆ, 20 ಮುಟ್ಟಿದರೆ ಅವಲಂಬನೆ ಇರಬಹುದು, ವೈದ್ಯರ ಬಳಿಗೆ ಕಳಿಸಬೇಕು. "ಎಷ್ಟು" ಎಂಬುದಕ್ಕೆ ಗ್ರಾಮಿನ ಲೆಕ್ಕ ಯಾರಿಗೂ ಗೊತ್ತಿರುವುದಿಲ್ಲ. ಅಂಗಡಿಯ ಲೆಕ್ಕದಲ್ಲೇ ಕೇಳಿ. 30 ಮಿಲಿ ಬ್ರಾಂದಿ ಅಥವಾ ರಮ್ಮಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ, ಅದು ಒಂದು ಅಳತೆ. ನೈಂಟಿ ಎಂದರೆ ಮೂರು, ಕ್ವಾರ್ಟರ್ ಎಂದರೆ ಆರು. "ನಾನು ಬರೀ ಬಿಯರ್" ಎನ್ನುವವರ 650 ಮಿಲಿ ಬಾಟಲಿ, ಶೇ. 8ರ ಸ್ಟ್ರಾಂಗ್ ಆದರೆ ನಾಲ್ಕು ಅಳತೆ. ಈ ಲೆಕ್ಕ ಹೇಳಿದಾಗ ನಮ್ಮ ಕೂಟದಲ್ಲೇ ಇಬ್ಬರು ಮುಖ ಮುಖ ನೋಡಿಕೊಂಡರು. ಹೆಸರು ಬೇಡ.

ಕೇಳಿದ ಮೇಲೆ ಏನು ಹೇಳಬೇಕು? ನಮಗೆಲ್ಲ ಬರುವುದು ಉಪದೇಶ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ವಿಧಾನವನ್ನು ಬರೆದಿಟ್ಟರು. ಬಿಡಬೇಕು ಎಂಬ ಮಾತು ಚಿಕಿತ್ಸೆ ಕೊಡುವವರ ಬಾಯಿಂದಲ್ಲ, ಕುಡಿಯುವವರ ಬಾಯಿಂದಲೇ ಬರುವಂತೆ ಮಾತಾಡಬೇಕು ಎಂಬುದು ಅದರ ತಿರುಳು. ನಮ್ಮ ಮಾತಿನಲ್ಲಿ ಅದು ಹೀಗಿರುತ್ತದೆ:

"ಮಾವ, ಕುಡಿದ್ರೆ ಏನು ಸಿಕ್ತದೆ ನಿಮಗೆ?"
"ಮೈಕೈ ನೋವು ಹೋಯ್ತದೆ ಕಣವ್ವ. ನಿದ್ದೆ ಬರ್ತದೆ."
"ಸರಿ. ಹೋಗೋದೇನು?"
(ಸುಮ್ಮನಿರುವುದು. ವಿದ್ಯಾರ್ಥಿಯೂ ಸುಮ್ಮನಿರಬೇಕು.)
"ಮಗಳು ಮಾತಾಡ್ಸಲ್ಲ."

ಇಲ್ಲಿ ಬಾಯಿ ತೆರೆದು "ಅದಕ್ಕೇ ಹೇಳೋದು ಬಿಟ್ಬಿಡಿ ಅಂತ" ಎಂದರೆ ಎಲ್ಲ ಮುಗಿಯಿತು. "ಮಗಳು ಮಾತಾಡಿದರೆ ಚೆನ್ನಾಗಿತ್ತು ಅನ್ನಿಸ್ತದಾ?" ಎಂದರೆ ಮಾತು ಮುಂದೆ ಹೋಗುತ್ತದೆ. ಕೇಳಲು ಸುಲಭ. ಮಾಡಿ ನೋಡಿ, ಆ ಅರ್ಧ ನಿಮಿಷದ ಮೌನ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

ಇದೆಲ್ಲ ದೊಡ್ಡ ಡಾಕ್ಟರುಗಳ ಕೆಲಸ ಎನ್ನುವವರಿಗೆ ಗೋವಾದ ಉದಾಹರಣೆ. ಅಲ್ಲಿ ಸಂಗಾತ್ ಎಂಬ ಸಂಸ್ಥೆ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪರೀಕ್ಷೆ ನಡೆಸಿತು. ಮಾನಸಿಕ ಚಿಕಿತ್ಸೆಯಲ್ಲಿ ಯಾವ ಪದವಿಯೂ ಇಲ್ಲದ ಸ್ಥಳೀಯರನ್ನೇ ಆರಿಸಿ, ತರಬೇತಿ ಕೊಟ್ಟು, ಹಾನಿಯಾಗುವಷ್ಟು ಕುಡಿಯುತ್ತಿದ್ದ ಗಂಡಸರ ಜೊತೆ ಹೆಚ್ಚೆಂದರೆ ನಾಲ್ಕು ಸಲ ಕೂತು ಮಾತಾಡಿಸಿತು. ಮೂರು ತಿಂಗಳ ನಂತರ ಆರೋಗ್ಯ ಕೇಂದ್ರದ ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 18ರಷ್ಟು ಮಂದಿ ಹಿಂದಿನ ಎರಡು ವಾರ ಕುಡಿದಿರಲಿಲ್ಲ; ಈ ಮಾತುಕತೆಯೂ ಸಿಕ್ಕವರಲ್ಲಿ ಶೇ. 42ರಷ್ಟು ಮಂದಿ. ಡಾ. ಅಭಿಜಿತ್ ನಾಡಕರ್ಣಿ, ಡಾ. ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಅವಲಂಬನೆ ಬಲವಾಗಿದ್ದವರು ಆ ಪರೀಕ್ಷೆಯಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ಹರಕೆಯವರಂಥವರಿಗೆ ಮಾತು ಸಾಲದು, ಔಷಧಿಯೂ ಬೇಕು. ಆದರೆ ಆ ಹಂತ ತಲುಪುವ ಮೊದಲೇ ಹಿಡಿಯಬಹುದಾದವರು ನಮ್ಮ ಬೀದಿಗಳಲ್ಲಿ ಎಷ್ಟಿಲ್ಲ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ ಮದ್ಯ ಅವಲಂಬನೆ ಇರುವ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ.

ಗೋವಾದವರು ಮಾತಾಡಿಸಿದ್ದು ಅಲ್ಲಿನವರ ಮಾತಿನಲ್ಲಿ. ನಮಗೆ ನೋವು ಇರುವುದು ಇಲ್ಲೇ. ನಮ್ಮ ಧರ್ಮಕ್ಷೇತ್ರದಲ್ಲಿ ತರಬೇತಿಯ ಕೈಪಿಡಿ, ಚಿತ್ರಪಟ ಬರುವುದು ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ತಮಿಳಿನ ಮೇಲೆ ನಮಗೆ ಕೋಪವಿಲ್ಲ. ಸಂತೆಗೆ, ಬಸ್ಸಿಗೆ, ತಾಲ್ಲೂಕು ಕಚೇರಿಗೆ ನಮ್ಮವರ ತಮಿಳು ಧಾರಾಳ ಸಾಕು. ಆದರೆ "ಬೆಳಿಗ್ಗೆ ಎದ್ದಾಗ ಕೈ ನಡುಗ್ತದೆ, ಮಗುವನ್ನು ಎತ್ತಿಕೊಳ್ಳಕ್ಕೆ ಭಯ ಆಯ್ತದೆ" ಎಂಬುದನ್ನು ಒಬ್ಬ ಗಂಡಸು ಇನ್ನೊಂದು ಭಾಷೆಯಲ್ಲಿ ಹೇಳುತ್ತಾನೆಯೇ? ಹೇಳುವುದಿಲ್ಲ, "ಒಂದುಮಿಲ್ಲೆ" ಎಂದು ಎದ್ದು ಬರುತ್ತಾನೆ. ಇತ್ತ ಬೇರೆ ಊರಲ್ಲಿ ಓದುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದ ಗೊತ್ತು, ತಮಿಳು ಪದ ಗೊತ್ತು, ಕನ್ನಡದಲ್ಲಿ ಕೇಳಬೇಕಾದರೆ ತಡವರಿಸುತ್ತಾರೆ. ಪುಸ್ತಕದ ಕನ್ನಡವೂ ಪ್ರಯೋಜನವಿಲ್ಲ. ಚಿತ್ತಭ್ರಮೆ ಇದೆಯೇ ಎಂದರೆ ಯಾರಿಗೆ ಅರ್ಥವಾಗಬೇಕು? "ಇಲ್ಲದ್ದು ಏನಾದ್ರೂ ಕಣ್ಣಿಗೆ ಕಾಣ್ತದಾ?" ಎಂದರೆ ಅರ್ಥವಾಗುತ್ತದೆ. ಗೂಡಲೂರಿನಲ್ಲಿ 1990ರಲ್ಲಿ ಶುರುವಾದ ಆದಿವಾಸಿ ಆಸ್ಪತ್ರೆಯಲ್ಲಿ ಆದಿವಾಸಿ ಹೆಣ್ಣುಮಕ್ಕಳಿಗೇ ಶುಶ್ರೂಷೆ ಕಲಿಸಿದರು. ರೋಗಿಯ ಮಾತು ನರ್ಸಿಗೆ ತಿಳಿದಿರಬೇಕು ಎಂಬುದನ್ನು ಅವರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು. ಹತ್ತು ಆಡಿಟ್ ಪ್ರಶ್ನೆಗಳನ್ನು ನಮ್ಮ ಆಡುಮಾತಿಗೆ ತರುವ ಕೆಲಸವನ್ನು ಕೂಟದಲ್ಲೇ ಮಾಡೋಣ, ಆಮೇಲೆ ಒಬ್ಬ ವೈದ್ಯರಿಗೆ ತೋರಿಸಿ ಅರ್ಥ ಕೆಡದಂತೆ ನೋಡಿಕೊಳ್ಳೋಣ.

ಆದರೆ ಊರಿನ ಮಗಳೇ ನರ್ಸ್ ಆದರೆ ಇನ್ನೊಂದು ತೊಡಕು. ಅವಳಿಗೆ ಹೇಳಿದ್ದು ಅವಳ ಅಮ್ಮನಿಗೆ, ಅಲ್ಲಿಂದ ನಲ್ಲಿ ಹತ್ತಿರಕ್ಕೆ, ಭಾನುವಾರಕ್ಕೆ ದೇವಾಲಯದ ಅಂಗಳಕ್ಕೆ. ನಮ್ಮದು ಚಿಕ್ಕ ಸಮುದಾಯ, ಎಲ್ಲರ ಚಪ್ಪಲಿಯೂ ಎಲ್ಲರಿಗೆ ಗೊತ್ತು. ಮಗನಿಗೆ ಹೆಣ್ಣು ನೋಡುವ ಮನೆಯಲ್ಲಿ, ಕುಡಿಯುವ ಹೆಂಗಸು ಇರುವ ಮನೆಯಲ್ಲಿ (ಇದ್ದಾರೆ, ಅವರು ಎಲ್ಲರಿಗಿಂತ ಹೆಚ್ಚು ಮುಚ್ಚಿಡುತ್ತಾರೆ) ಒಂದು ಮಾತು ಹೊರಬಿದ್ದರೆ ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಪ್ರಾಣ ಹೋದರೂ ಹೊರಗೆ ಬಿಡುವುದಿಲ್ಲ ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ನರ್ಸಿನ ಗುಟ್ಟು ಸಂಸ್ಕಾರವಲ್ಲ, ಜೀವಕ್ಕೆ ಅಪಾಯವಿದ್ದರೆ ಅವಳು ವೈದ್ಯರಿಗೆ ಹೇಳಲೇಬೇಕು. ಆದರೆ ನಲ್ಲಿ ಹತ್ತಿರ ಹೇಳುವಂತಿಲ್ಲ. ಮನೆಯವರೂ "ಏನಂದರು?" ಎಂದು ಅವಳನ್ನು ಕೆದಕಬಾರದು. ಕತ್ತಲಾದ ಮೇಲೆ ವಿದ್ಯಾರ್ಥಿನಿಯರನ್ನು ಒಬ್ಬರೇ ಯಾವ ಮನೆಗೂ ಕಳಿಸಬಾರದು, ಗ್ರಾಮದ ಆರೋಗ್ಯ ನರ್ಸ್ ಜೊತೆ ಹೋಗಲಿ.

ಈಗ ಒಬ್ಬ ಸಂತರ ಕಥೆ. ಚೀನಾದ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಸ್ವತಃ ವೈದ್ಯರು, ಬಡವರಿಗೆ ಹಣವಿಲ್ಲದೆ ಚಿಕಿತ್ಸೆ ಕೊಡುತ್ತಿದ್ದವರು. ಹೊಟ್ಟೆಯ ಕಾಯಿಲೆಗೆಂದು ಅಫೀಮು ತೆಗೆದುಕೊಂಡು ಅದರ ದಾಸರಾದರು. ಮತ್ತೆ ಮತ್ತೆ ಅದೇ ಪಾಪ ನಿವೇದಿಸುತ್ತಿದ್ದುದರಿಂದ, ಬಿಡುವ ಮನಸ್ಸೇ ಇಲ್ಲವೆಂದು ತಿಳಿದ ಗುರುಗಳು, ಬಿಟ್ಟ ಮೇಲೆ ಬಾ ಎಂದರು. ವ್ಯಸನ ಕಾಯಿಲೆಯೆಂದು ಆ ಕಾಲದಲ್ಲಿ ಅವರಿಗೆ ಯಾರು ಹೇಳಿಕೊಡಬೇಕಿತ್ತು? ಸುಮಾರು ಮೂವತ್ತು ವರ್ಷ ಪರಮಪ್ರಸಾದವಿಲ್ಲ. ಆದರೂ ಅವರು ವಿಶ್ವಾಸ ಬಿಡಲಿಲ್ಲ. 1900ರ ಜುಲೈ 7ರಂದು, ಬಾಕ್ಸರ್ ದಂಗೆಯಲ್ಲಿ, ಕುಟುಂಬದವರ ಜೊತೆ ರಕ್ತಸಾಕ್ಷಿಯಾದರು. ತನ್ನವರಲ್ಲಿ ಯಾರೂ ಒಂಟಿಯಾಗಿ ಸಾಯಬಾರದೆಂದು ತನ್ನನ್ನು ಕೊನೆಗೆ ಕೊಲ್ಲಿ ಎಂದು ಬೇಡಿಕೊಂಡರಂತೆ. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದರು. ಅಫೀಮನ್ನು ಅವರು ಗೆದ್ದರೆಂದು ಎಲ್ಲೂ ಇಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 1735ನೇ ಸಂಖ್ಯೆ ಓದಿ ಬನ್ನಿ. ಬೇರೂರಿದ ಅಭ್ಯಾಸ, ಅತಿಯಾದ ಅಂಟು, ಮಾನಸಿಕ ಕಾರಣಗಳು ಒಬ್ಬರ ಹೊಣೆಯನ್ನು ತಗ್ಗಿಸಬಲ್ಲವು ಎಂದು ಅಲ್ಲಿದೆ. ಕುಡಿದು ಹೆಂಡತಿಗೆ ಹೊಡೆಯುವುದು ಸರಿ ಎಂದು ಇದರ ಅರ್ಥವಲ್ಲ, ಅದನ್ನು ಯಾರೂ ಹಾಗೆ ತಿರುಚದಿರಲಿ. ಚಿಕಿತ್ಸೆ ಕೊಡುವವರು ತೀರ್ಪು ಕೊಡಲು ಕೂತಿಲ್ಲ ಎಂಬುದಷ್ಟೇ.

ಕೊನೆಗೆ ಲೂಕನ ಶುಭಸಂದೇಶ. ಸಮಾರಿಯದವನು ಗಾಯ ಕಟ್ಟಿದ್ದನ್ನು ನಾವೆಲ್ಲ ನೆನಪಿಡುತ್ತೇವೆ. ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹಿಂದಿರುಗುವಾಗ ಮತ್ತೆ ಬಂದು ಉಳಿದ ಖರ್ಚು ತೀರಿಸುತ್ತೇನೆ ಎಂದದ್ದನ್ನು ಬೇಗ ಓದಿಬಿಡುತ್ತೇವೆ. ಕುಡಿತದ ಕಾಯಿಲೆಯಲ್ಲಿ ಮುಖ್ಯವಾದದ್ದು ಆ ಮತ್ತೆ ಬರುವುದೇ. ಬಿಟ್ಟವರು ಮತ್ತೆ ಕುಡಿಯುತ್ತಾರೆ. ಸಕ್ಕರೆ ಕಾಯಿಲೆಯವರ ಸಕ್ಕರೆ ಮತ್ತೆ ಏರಿದರೆ ನಾವು ಆಸ್ಪತ್ರೆಯಿಂದ ಓಡಿಸುವುದಿಲ್ಲವಲ್ಲ. ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈಯಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನದ ಚಿಕಿತ್ಸಾ ಕೇಂದ್ರ ಆರಂಭಿಸಿದರು. ಅವರ ತಂಡ 1989ರಲ್ಲಿ ಮಂಜಕ್ಕುಡಿ ಎಂಬ ಹಳ್ಳಿಗೇ ಹೋಗಿ ಹದಿನೈದು ದಿನದ ಶಿಬಿರ ಹೂಡಿತು. ರೋಗಿ ನಗರಕ್ಕೆ ಬರಲಿ ಎಂದು ಕಾಯದೆ ಚಿಕಿತ್ಸೆಯೇ ಊರಿಗೆ ಬಂತು, ಮನೆಯವರನ್ನೂ ಕೂರಿಸಿಕೊಂಡರು, ಶಿಬಿರದ ನಂತರವೂ ಮತ್ತೆ ಮತ್ತೆ ಹೋಗಿ ವಿಚಾರಿಸಿದರು. ಇಂದು ಬೆಂಗಳೂರಿನ ನಿಮ್ಹಾನ್ಸ್ ದೂರದ ವೈದ್ಯರನ್ನೂ ಆಪ್ತಸಲಹೆಗಾರರನ್ನೂ ವಿಡಿಯೋ ಮೂಲಕ ಸೇರಿಸಿ, ಒಬ್ಬೊಬ್ಬ ರೋಗಿಯ ವಿಷಯ ಚರ್ಚಿಸಿ ಕಲಿಸುತ್ತಿದೆ. ಓದು ಮುಗಿಸುವ ನಮ್ಮ ಮಕ್ಕಳು ಅದನ್ನು ವಿಚಾರಿಸಿಕೊಳ್ಳಲಿ.

ಕೂಟದ ದಿನ ಮಾಡಬೇಕಾದದ್ದು: ಇಬ್ಬಿಬ್ಬರಾಗಿ ಕೂತು, ಒಬ್ಬರು ಕೇಳುವವರು, ಒಬ್ಬರು ಕುಡಿಯುವವರು. ಹತ್ತು ನಿಮಿಷ. ಉಪದೇಶ ಹೇಳಿದವರು ಸೋತಂತೆ. ಮಾತಾಡಲು ಎರಡು ಪ್ರಶ್ನೆಗಳು: ನಮ್ಮ ಊರಲ್ಲಿ ಯಾರಾದರೂ ಬಿಟ್ಟು ಮತ್ತೆ ಕುಡಿದಾಗ ನಾವು ಆಡುವ ಮೊದಲ ಮಾತು ಯಾವುದು? ತಪಸ್ಸುಕಾಲಕ್ಕೆ ಮುಂಚೆ ಹರಕೆ ಹೊರಲಿರುವವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಲು ನಮ್ಮಲ್ಲಿ ಯಾರು ಸಿದ್ಧ? ಎಲ್ಲರೂ ಫೋನಿನಲ್ಲಿ ಎರಡು ಸಂಖ್ಯೆ ಬರೆದುಕೊಂಡು ಬನ್ನಿ: ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಟೆಲಿ ಮಾನಸ್ 14416. ಫಿಟ್ಸ್ ಬಂದರೆ, ಗುರುತು ತಪ್ಪಿದರೆ ಇವಲ್ಲ, 108.

ಹರಕೆ ಹೊತ್ತವರು ಆಮೇಲೆ ಎರಡು ಸಲ ಜಾರಿದರು, ಎರಡು ಸಲವೂ ತಾವೇ ಆಸ್ಪತ್ರೆಗೆ ಹೋದರು. ಈ ಕೂಟಕ್ಕೆ ಬರುತ್ತೇನೆ ಎಂದಿದ್ದಾರೆ. ಅಭ್ಯಾಸಕ್ಕೆ ರೋಗಿಯಾಗಿ ತಾವೇ ಕೂರುತ್ತಾರಂತೆ, ಎದುರಿಗೆ ಕೇಳುವವಳಾಗಿ ಪಕ್ಕದ ಮನೆಯ ಹುಡುಗಿಯೇ ಇರಲಿ ಎಂದು ಹೇಳಿ ಕಳಿಸಿದ್ದಾರೆ.